ಚಳಿಗಾಲದಲ್ಲಿ ಮೋಟಾರು ಇಂಜನ್ನಿನ ಉಸಿರಾಟ

ಅತಿ ಶೀತದ ದೇಶಗಳಲ್ಲಿ, ಯಾವ ಕೊರತೆಯೂ ಇಲ್ಲದಂತೆ ನೋಡಿಕೊಂಡ ಮೋಟಾರು ಕಾರು ಸಹ ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ತನ್ನ ಎಣ್ಣೆಯನ್ನು ಹೊರಕ್ಕೆ ಕಾರಿಕೊಂಡು ನಿಂತುಬಿಡುವುದುಂಟು. ಕಾರಣವನ್ನು ಹುಡುಕಿದರೆ, ಇಂಜನ್ನಿನ ಪಕ್ಕದ ಒಂದು ಸಣ್ಣ ರಬ್ಬರು ಕೊಳವೆಯಲ್ಲಿ ಬೆರಳಿನ ಗಾತ್ರದ ಮಂಜುಗಡ್ಡೆ ಕಂಡುಬರುವುದು. ಶೂನ್ಯಕ್ಕಿಂತ 30 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಚಳಿಯಲ್ಲಿ, ಊರಿಗೆ ದೂರವಾಗಿ ಗಾಡಿಯು ನಿಂತರೆ ಅದು ಬರಿಯ ರಿಪೇರಿ ಖರ್ಚಿನ ಮಾತಲ್ಲ, ಪ್ರಾಣದ ಮಾತು. ಹೀಗಿದ್ದರೂ ಈ ತೊಂದರೆಯನ್ನು ಮೊದಲೇ ತಪ್ಪಿಸುವುದು ಬಹು ಸುಲಭ.

ನಮ್ಮ ಸೀಮೆಯಲ್ಲಿ ಇಂತಹ ಚಳಿಯಿಲ್ಲವಾದರೂ, ನಮ್ಮ ಗ್ರಾಮಗಳಿಂದ ಹೋಗಿ ಕೆನಡಾ ಮತ್ತು ಅಮೆರಿಕದ ಉತ್ತರ ಪ್ರಾಂತಗಳಲ್ಲಿ ನೆಲೆಸಿರುವವರೂ, ಲಡಾಖ್ ಮೊದಲಾದ ಹಿಮಪ್ರದೇಶಗಳಲ್ಲಿ ಸೇವೆಯಲ್ಲಿರುವವರೂ ಅನೇಕರುಂಟು. ಅಲ್ಲದೆ ರೈತರ ಟ್ರ್ಯಾಕ್ಟರಿನ ಇಂಜನ್ನೂ ಇದೇ ರೀತಿಯಲ್ಲಿ ಉಸಿರಾಡುವುದರಿಂದ ಈ ವಿಷಯವನ್ನು ಎಲ್ಲರೂ ತಿಳಿದಿರುವುದು ಉಪಯುಕ್ತವು.

ತೊಂದರೆಗೆ ಕಾರಣ

ಇಂಜನ್ನಿನಲ್ಲಿ ಪೆಟ್ರೋಲು ಉರಿದಾಗ ಹೊಗೆಯ ಸಂಗಡ ನೀರೂ ಉತ್ಪತ್ತಿಯಾಗುವುದು. ಒಂದು ಲೀಟರು ಪೆಟ್ರೋಲು ಪೂರ್ತಿ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುವುದೆಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಇದರ ಬಹುಭಾಗವು ಹೊಗೆಕೊಳವೆಯಿಂದ ಹೊರಟುಹೋಗುವುದು. ಅಲ್ಪಭಾಗವು ಮಾತ್ರ ಪಿಸ್ಟನ್ನಿನ ರಿಂಗುಗಳ ಸಂದಿನಿಂದ ನುಸುಳಿ, ಎಣ್ಣೆಯಿರುವ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುವುದು. ಇಂಜನ್ನು ಹೊಸದಾಗಿದ್ದರೂ ಇದು ತಪ್ಪಿದ್ದಲ್ಲ.

ಹೀಗೆ ಇಳಿದ ಅನಿಲಕ್ಕೆ ಹೊರಗೆ ಹೋಗಲು ದಾರಿ ಇರಲೇಬೇಕು. ಹಿಂದಿನ ಕಾಲದ ಗಾಡಿಗಳಲ್ಲಿ ಒಂದು ಕೊಳವೆಯು ಅದನ್ನು ನೇರವಾಗಿ ರಸ್ತೆಯ ಕಡೆಗೆ ಬಿಡುತ್ತಿತ್ತು. ಇದರಿಂದ ಗಾಳಿಯು ಕೆಡುವುದೆಂದು ಕಂಡುಬಂದ ಮೇಲೆ, 1961ರ ಮಾದರಿಯಿಂದ ಮೊದಲ್ಗೊಂಡು ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಹೊಸ ಕಾರುಗಳಲ್ಲಿ ಬೇರೊಂದು ಏರ್ಪಾಡು ಬಂದಿತು. ಈಗ ಅದು ಎಲ್ಲೆಡೆಯೂ ಬಳಕೆಯಲ್ಲಿದೆ. ಇದರಲ್ಲಿ ಕ್ರ್ಯಾಂಕ್‌ಕೇಸಿನ ಅನಿಲವನ್ನು ಇಂಜನ್ನು ತಾನೇ ಹೀರಿಕೊಂಡು ಮತ್ತೆ ಸುಡುವುದು. ಹೀರುವ ಪ್ರಮಾಣವನ್ನು ಹತೋಟಿಯಲ್ಲಿಡುವ ಸಣ್ಣ ಸಾಧನಕ್ಕೆ ಪಿ.ಸಿ.ವಿ. ವಾಲ್ವು ಎಂದು ಹೆಸರು.

ಇಂಜನ್ನು ಚೆನ್ನಾಗಿ ಕಾದಿದ್ದರೆ ನೀರಿನಾವಿಯು ಈ ಮಾರ್ಗವಾಗಿ ಹೊರಬೀಳುವುದು. ಚಳಿಗಾಲದಲ್ಲಿ ಗಾಡಿಯನ್ನು ಐದು ಹತ್ತು ನಿಮಿಷ ಮಾತ್ರ ಓಡಿಸಿ ನಿಲ್ಲಿಸಿದರೆ ಎಣ್ಣೆಯು ಕಾಯುವುದೇ ಇಲ್ಲ. ಆವಿಯು ತಣ್ಣನೆಯ ಲೋಹಕ್ಕೆ ತಾಕಿ ನೀರಾಗಿ, ಎಣ್ಣೆಯಲ್ಲಿ ಕಡೆದಂತಾಗಿ, ಮಜ್ಜಿಗೆಯ ಮೇಲಿನ ನೊರೆಯಂತಹ ಹಳದಿ ಬಿಳುಪಿನ ಜಿಡ್ಡಾಗುವುದು. ದಿನದಿನವೂ ಹೀಗೆ ಕೂಡಿಕೊಂಡ ನೀರು, ಯಾವುದೋ ಒಂದು ದಿನ ದೂರಪ್ರಯಾಣದಲ್ಲಿ ಎಣ್ಣೆ ಕಾದಾಗ ಒಮ್ಮೆಲೇ ಆವಿಯಾಗಿ ಏಳುವುದು. ಅದೇ ವೇಳೆಯಲ್ಲಿ ಕೊಳವೆಗೆ ಹೊರಗಿನ ಕೊರೆಯುವ ಗಾಳಿಯು ಬಡಿಯುತ್ತಿರುವುದು. ಆವಿಯು ತಣ್ಣನೆಯ ಗಾಳಿಯನ್ನು ಸಂಧಿಸುವ ಸ್ಥಳದಲ್ಲಿ ಮಂಜುಗಡ್ಡೆ ಕಟ್ಟಿ ದಾರಿಯು ಮುಚ್ಚಿಹೋಗುವುದು. ಒಳಗಿನ ಒತ್ತಡವು ಏರುತ್ತ, ಎಣ್ಣೆ ಅಳೆಯುವ ಕಡ್ಡಿಯನ್ನು ಮೇಲಕ್ಕೆ ದಬ್ಬಬಹುದು. ಇಲ್ಲವೇ ಎಣ್ಣೆ ಸೋರದಂತೆ ತಡೆಯುವ ಸೀಲುಗಳನ್ನೇ ಹೊರದೂಡಬಹುದು. ಎಣ್ಣೆ ಬರಿದಾದ ಇಂಜನ್ನು ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡು ಹಾಳಾಗುವುದು.

ಗುರುತಿಸುವ ಬಗೆ

ಎಣ್ಣೆ ಹಾಕುವ ಮುಚ್ಚಳದ ಒಳಬದಿಯನ್ನು ಚಳಿಗಾಲದಲ್ಲಿ ವಾರಕ್ಕೊಮ್ಮೆ, ಇಂಜನ್ನು ನಿಂತಿರುವಾಗ ನೋಡತಕ್ಕದ್ದು. ತೆಳುವಾಗಿ ಜಿಡ್ಡು ಅಂಟಿದ್ದರೆ ಭಯವಿಲ್ಲ. ಆದರೆ ಅದು ಎಚ್ಚರಿಕೆಯ ಗುರುತು. ಜಿಡ್ಡು ದಪ್ಪವಾಗಿದ್ದರೆ ದಾರಿಯು ಕಟ್ಟಿಕೊಳ್ಳುತ್ತಿದೆಯೆಂದು ಶಂಕಿಸಬೇಕು. ಕಡ್ಡಿಯಲ್ಲಿ ಬರುವ ಎಣ್ಣೆಯೆಲ್ಲವೂ ಹಾಲು ಬೆರೆಸಿದಂತಿದ್ದು, ರೇಡಿಯೇಟರಿನ ನೀರೂ ಕಡಮೆಯಾಗುತ್ತಿದ್ದರೆ, ಅದು ಬೇರೆಯೇ ರೋಗ. ಒಳಗಿನ ಗ್ಯಾಸ್ಕೆಟ್ಟು ಸೀಳಿ ನೀರು ಎಣ್ಣೆಗೆ ಸೇರುತ್ತಿರಬಹುದು. ಕೂಡಲೇ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ಇವಲ್ಲದೆ ಕಡ್ಡಿಯು ತಾನಾಗಿ ಮೇಲೆದ್ದಿರುವುದು, ಗಾಡಿ ನಿಂತ ಸ್ಥಳದಲ್ಲಿ ಎಣ್ಣೆಯ ಹೊಸ ಕಲೆಗಳು ಕಾಣುವುದು, ಸುಟ್ಟ ಎಣ್ಣೆಯ ವಾಸನೆ ಬರುವುದು ಇವೂ ಒತ್ತಡದ ಗುರುತುಗಳು. ಎಣ್ಣೆಯ ಕೆಂಪು ದೀಪವು ಹತ್ತಿದರಂತೂ ಗಾಡಿಯನ್ನು ಪಕ್ಕಕ್ಕೆ ತೆಗೆದುಕೊಂಡು ಇಂಜನ್ನನ್ನು ಆ ಕ್ಷಣವೇ ನಿಲ್ಲಿಸಬೇಕು. ಮುಂದಿನ ಊರಿನವರೆಗೆ ಹೋಗೋಣವೆಂಬ ಆಸೆಯೇ ಇಂಜನ್ನಿಗೆ ಮೃತ್ಯು.

ನಿವಾರಣೋಪಾಯಗಳು

1. ವಾರಕ್ಕೊಮ್ಮೆಯಾದರೂ ಗಾಡಿಯನ್ನು ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಓಡಿಸಬೇಕು. ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಎಣ್ಣೆ ಕಾಯಿತೆಂದು ತಿಳಿಯಬಾರದು. ಆ ಮುಳ್ಳು ನೀರಿನ ಶಾಖವನ್ನು ತೋರುವುದು, ಎಣ್ಣೆಯು ಅದಕ್ಕಿಂತ ನಿಧಾನವಾಗಿ ಕಾಯುವುದು. ನಿಂತಲ್ಲಿಯೇ ಇಂಜನ್ನನ್ನು ಓಡಿಸುವುದರಿಂದ ಈ ಫಲ ದೊರೆಯದು.

2. ಬಹುದಿನ ಗಿಡ್ಡ ಪ್ರಯಾಣಗಳನ್ನೇ ಮಾಡಿ, ಮುಚ್ಚಳದಲ್ಲಿ ಜಿಡ್ಡು ದಪ್ಪವಾಗಿ ಕಂಡರೆ, ಅತಿ ಚಳಿಯ ದಿನದಲ್ಲಿ ದೂರಪ್ರಯಾಣಕ್ಕೆ ಹೊರಡುವ ಮೊದಲು ಎಣ್ಣೆ ಬದಲಾಯಿಸಿ, ಉಸಿರುಕೊಳವೆಗಳನ್ನು ಶುದ್ಧಿಮಾಡಿಸತಕ್ಕದ್ದು.

3. ಗಾಡಿಯ ಕೈಪುಸ್ತಕದಲ್ಲಿ ಕಠಿನ ಬಳಕೆಗೆಂದು ಹೇಳಿರುವ ಅವಧಿಗೆ ಎಣ್ಣೆ ಬದಲಾಯಿಸಬೇಕು. ಚಳಿಯ ಗಿಡ್ಡ ಪ್ರಯಾಣವು ಕಠಿನ ಬಳಕೆಯೇ ಸರಿ. ಎಣ್ಣೆಯು 0ಡಬ್ಲ್ಯು ಅಥವಾ 5ಡಬ್ಲ್ಯು ಗುರುತಿನದಾಗಿದ್ದು, ಕೈಪುಸ್ತಕಕ್ಕೆ ಒಪ್ಪಿರಬೇಕು. ಈ ಅಂಕೆಯು ಕಡಮೆಯಾದಷ್ಟೂ ಎಣ್ಣೆಯು ಚಳಿಯಲ್ಲಿ ತೆಳುವಾಗಿ ಹರಿಯುವುದು.

4. ಚಳಿಗಾಲಕ್ಕೆ ಮುಂಚೆಯೇ ಪಿ.ಸಿ.ವಿ. ವಾಲ್ವನ್ನೂ ಕೊಳವೆಗಳನ್ನೂ ಪರೀಕ್ಷಿಸಬೇಕು. ಕೊಳವೆಯು ಜೋತುಬಿದ್ದಿದ್ದರೆ ತಗ್ಗಿನಲ್ಲಿ ನೀರು ನಿಂತು ಗಡ್ಡೆಯಾಗುವುದು. ಶಾಖ ಕೊಡುವ ತಂತಿಯನ್ನಾಗಲಿ ಹೊದಿಕೆಯನ್ನಾಗಲಿ ತಯಾರಕರು ಅಳವಡಿಸಿದ್ದರೆ ಅದನ್ನು ರಿಪೇರಿಯಲ್ಲಿ ಕಳಚಿ ಎಸೆಯಬಾರದು.

5. ರೇಡಿಯೇಟರಿನ ಥರ್ಮೋಸ್ಟಾಟು ಸದಾ ತೆರೆದುಕೊಂಡು ಕೆಟ್ಟಿದ್ದರೆ ಇಂಜನ್ನು ಎಂದಿಗೂ ಪೂರ್ತಿ ಕಾಯದು. ಇದನ್ನು ಬದಲಾಯಿಸುವ ಖರ್ಚು ಅಲ್ಪ, ಲಾಭ ಬಹಳ.

6. ರಾತ್ರಿಯೆಲ್ಲ ಹೊರಗೆ ನಿಲ್ಲುವ ಗಾಡಿಗೆ ವಿದ್ಯುತ್ತಿನಿಂದ ಕಾಯಿಸುವ ಹೀಟರು ಉತ್ತಮ. ಅಮೆರಿಕದ ನಾರ್ತ್ ಡಕೋಟಾ ಪ್ರಾಂತದ ಆಂಡ್ರೂ ಫ್ರೀಮನ್ ಎಂಬವರು, ಇಂಜನ್ನಿನ ತಲೆಯ ಒಂದು ಬೋಲ್ಟಿನ ಸ್ಥಾನದಲ್ಲಿ ಕೂರುವ ಇಂತಹ ಹೀಟರಿಗೆ 1949ರಲ್ಲಿ ಪೇಟೆಂಟು ಪಡೆದರು. ಇಂದು ಕೆನಡಾದ ವಿನ್ನಿಪೆಗ್ ಮೊದಲಾದ ನಗರಗಳಲ್ಲಿ ಕಾರಿನ ಮುಂಭಾಗದಿಂದ ಹೀಟರಿನ ತಂತಿ ಜೋತಾಡುವುದು ಸಾಮಾನ್ಯ ದೃಶ್ಯ.

ಮಂಜುಗಡ್ಡೆ ಕಟ್ಟಿದೆಯೆಂದು ಸಂದೇಹ ಬಂದರೆ ಗಾಡಿಯನ್ನು ಬೆಚ್ಚನೆಯ ಶೆಡ್ಡಿಗೆ ಎಳೆಸಿ ತಾನಾಗಿ ಕರಗಲು ಬಿಡಬೇಕು. ಕೊಳವೆಗೆ ಬೆಂಕಿಯ ಜ್ವಾಲೆ ಹಿಡಿಯಕೂಡದು. ಮುಚ್ಚಿದ ಶೆಡ್ಡಿನಲ್ಲಿ ಇಂಜನ್ನನ್ನು ಓಡಿಸಲೇಕೂಡದು; ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವುಂಟು.

ನಮ್ಮ ಟ್ರ್ಯಾಕ್ಟರುಗಳ ವಿಷಯ

ನಮ್ಮಲ್ಲಿ ಮಂಜುಗಡ್ಡೆಯ ಭಯವಿಲ್ಲ. ಆದರೆ ಟ್ರ್ಯಾಕ್ಟರಿನ ಉಸಿರುಕೊಳವೆಯು ಧೂಳು, ಎಣ್ಣೆಜಿಡ್ಡು ಮತ್ತು ಹೊಲದ ಕೆಸರಿನಿಂದ ಕಟ್ಟಿಕೊಳ್ಳುವುದುಂಟು. ಪರಿಣಾಮವು ಒಂದೇ, ಸೀಲುಗಳಿಂದ ಎಣ್ಣೆ ಸೋರುವುದು. ಸೀಲು ಹೋಯಿತೆಂದು ಹೊಸದನ್ನು ಹಾಕಿಸಿ, ಕಟ್ಟಿದ ಕೊಳವೆಯನ್ನು ಹಾಗೆಯೇ ಬಿಟ್ಟರೆ ಹೊಸ ಸೀಲೂ ಉಳಿಯದು. ಆದಕಾರಣ ಎಣ್ಣೆ ಬದಲಾಯಿಸುವಾಗಲೆಲ್ಲ ಉಸಿರುಕೊಳವೆಯನ್ನು ಬಿಚ್ಚಿ ತೊಳೆದು ಒಣಗಿಸಿ ಹಾಕತಕ್ಕದ್ದು.

ಒಟ್ಟಿನಲ್ಲಿ ಇಂಜನ್ನಿಗೆ ಎಣ್ಣೆ, ನೀರು, ಪೆಟ್ರೋಲುಗಳು ಎಷ್ಟು ಮುಖ್ಯವೋ ಉಸಿರಿನ ದಾರಿಯೂ ಅಷ್ಟೇ ಮುಖ್ಯವು. ಇಂಜನ್ನನ್ನು ಪೂರ್ತಿ ಕಾಯಗೊಡುವುದು, ಕೊಳವೆಯನ್ನು ತೆರೆದಿಡುವುದು, ಇವೆರಡನ್ನು ಮರೆಯದವರಿಗೆ ಚಳಿಗಾಲದಲ್ಲಿ ಈ ಕಷ್ಟವು ಒದಗಲಾರದು. ಶೀತದೇಶಗಳಲ್ಲಿರುವ ತಮ್ಮ ಮಕ್ಕಳಿಗೆ ಕಾಗದ ಬರೆಯುವ ವಾಚಕರು, ಗಾಡಿಯ ಮುಚ್ಚಳವನ್ನು ವಾರಕ್ಕೊಮ್ಮೆ ತೆರೆದು ನೋಡುವಂತೆ ಒಂದು ಮಾತನ್ನು ಸೇರಿಸಿ ಬರೆಯುವುದು ಒಳ್ಳೆಯದು.