ಸೆರೆಯಿಂದ ಮರಳಿದವರು

ನ್ಯಾಯಾಸ್ಥಾನವು ವಿಧಿಸುವ ಶಿಕ್ಷೆಗೆ ಇಷ್ಟು ವರ್ಷ, ಇಷ್ಟು ತಿಂಗಳು ಎಂಬ ಗಡುವುಂಟು. ಅದನ್ನು ಮುಗಿಸಿ ಹೊರಬಂದವನಿಗೆ ಲೋಕವು ವಿಧಿಸುವ ಶಿಕ್ಷೆಗಾದರೋ ಗಡುವಿಲ್ಲ. ಬಾಡಿಗೆಗೆ ಮನೆ ಕೇಳಿದರೆ ಖಾಲಿಯಿಲ್ಲವೆನ್ನುತ್ತಾರೆ. ಕೆಲಸ ಕೇಳಿದರೆ ಇಷ್ಟು ದಿನ ಎಲ್ಲಿದ್ದೆಯೆನ್ನುತ್ತಾರೆ. ಮಗಳ ಮದುವೆಯ ಮಾತು ನಿಶ್ಚಿತಾರ್ಥದವರೆಗೆ ಬಂದು ನಿಂತುಹೋಗುತ್ತದೆ. ಗೃಹಸ್ಥರೂ ಗೃಹಿಣಿಯರೂ ಓದುವ ಈ ಪತ್ರಿಕೆಯಲ್ಲಿ ಸೆರೆಮನೆಯ ಮಾತೇಕೆಂದು ವಾಚಕರು ಕೇಳಬಹುದು. ಸೆರೆಮನೆಯ ಬಾಗಿಲನ್ನು ತೆರೆಯತಕ್ಕವರು ಸರ್ಕಾರದವರು. ಅಲ್ಲಿಂದಾಚೆಗೆ ತೆರೆಯಬೇಕಾದ ಬಾಗಿಲುಗಳು ನಮ್ಮ ನಮ್ಮ ಮನೆಗಳವು. ಆದುದರಿಂದಲೇ ಈ ಪ್ರಸ್ತಾಪ.

ನಮ್ಮ ಸ್ಮೃತಿಕಾರರು ಈ ವಿಷಯವನ್ನು ಆಲೋಚಿಸದೆ ಇರಲಿಲ್ಲ. ಮಹಾಪಾತಕ ಮಾಡಿದವನನ್ನು ಬಂಧುಗಳು ಹೊರಗೆ ಹಾಕುವ ಕರ್ಮವೊಂದನ್ನು ಮನುವೂ ಯಾಜ್ಞವಲ್ಕ್ಯನೂ ಹೇಳಿದ್ದಾರೆ. ದಾಸಿಯ ಕೊಡದ ನೀರನ್ನು ಊರ ಹೊರಗೆ ಚೆಲ್ಲಿಸಿ, ಬದುಕಿರುವವನನ್ನೇ ಸತ್ತವನೆಂದು ಎಣಿಸುವ ಕ್ರೂರಕರ್ಮವದು. ಆದರೆ ಅಲ್ಲಿಗೆ ಗ್ರಂಥವು ಮುಗಿಯುವುದಿಲ್ಲ. ಆತನು ಪ್ರಾಯಶ್ಚಿತ್ತವನ್ನು ಪೂರೈಸಿ ಬಂದಾಗ ಅದೇ ಬಂಧುಗಳು ನೀರು ತುಂಬಿದ ಹೊಸ ಕೊಡವೊಂದನ್ನು ತರಬೇಕು. ಆ ಬಳಿಕ ಆತನನ್ನು ಹೀನೈಸಕೂಡದು. ಸರ್ವವಿಧದಲ್ಲಿಯೂ ಆತನೊಡನೆ ಕೂಡಿ ಬಾಳಬೇಕು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವನು. ವರ್ಣಕ್ಕೊಂದು ದಂಡವೆಂಬ ಆ ಗ್ರಂಥಗಳ ತಕ್ಕಡಿಯನ್ನು ನಾವು ಒಪ್ಪತಕ್ಕವರಲ್ಲ. ಮಕ್ಕಳನ್ನೂ ಹೆಂಗಸರನ್ನೂ ಶರಣಾಗತರನ್ನೂ ಕೊಂದವರಿಗೆ ಶುದ್ಧಿಯಾದ ಮೇಲೆಯೂ ಸಹವಾಸವಿಲ್ಲವೆಂಬ ಮಾತೂ ಅಲ್ಲಿಯೇ ಇದೆ. ಆದರೂ ಹೊರಹಾಕುವುದಕ್ಕೆ ಒಂದು ವಿಧಿಯಿದ್ದ ಮೇಲೆ ಒಳಕರೆಯುವುದಕ್ಕೂ ಒಂದು ವಿಧಿಯಿರಬೇಕೆಂಬ ಎಚ್ಚರ ಅವರಿಗಿತ್ತು.

ಇಂದು ನಮ್ಮಲ್ಲಿ ಮೊದಲನೆಯ ಕೊಡ ಮಾತ್ರ ಉಳಿದಿದೆ. ಕೈಕೋಳ, ಪತ್ರಿಕೆಯಲ್ಲಿ ಚಿತ್ರ, ಬೀದಿಯವರ ಮಾತು, ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯುತ್ತವೆ. ಬಿಡುಗಡೆಯ ದಿನ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಅಪರಾಧವು ಸಿದ್ಧವಾಗದವರಿಗೂ ಇದೇ ಗತಿ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನಾಲ್ವರಿಗೆ ಮೂವರಂತೆ ವಿಚಾರಣಾಧೀನರು, ಎಂದರೆ ಇನ್ನೂ ತೀರ್ಪನ್ನೇ ಕೇಳದವರು. ಇವರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿ ಬಂದವನನ್ನೂ ಊರು ‘ಜೈಲಿಗೆ ಹೋಗಿ ಬಂದವನು’ ಎಂದೇ ಕರೆಯುತ್ತದೆ.

ನಮ್ಮ ಬಳಿ ಓದಿದವನೊಬ್ಬನು ಜಗಳದಲ್ಲಿ ಆದ ಕೊಲೆಯೊಂದರ ಸಂಬಂಧದಲ್ಲಿ ಹನ್ನೊಂದು ವರ್ಷ ಒಳಗಿದ್ದು 2019ರಲ್ಲಿ ಊರಿಗೆ ಬಂದನು. ತಾಯಿ ತೀರಿಕೊಂಡಿದ್ದಳು. ಮಗ ಬಂದಾಗ ಬೇಕಾದೀತೆಂದು ಆಕೆ ತಗಡಿನ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಐದುನೂರರ ನೋಟುಗಳು 2016ರ ನವೆಂಬರಿನಲ್ಲಿಯೇ ರದ್ದಾದವು. ಪಡಿತರ ಚೀಟಿಯಲ್ಲಿ ಆತನ ಹೆಸರಿರಲಿಲ್ಲ. ಬ್ಯಾಂಕಿಗೆ ಹೋದರೆ ಮೊಬೈಲಿನ ಸಂಖ್ಯೆ ಕೇಳಿದರು. ಮೊಬೈಲಿನ ಅಂಗಡಿಗೆ ಹೋದರೆ ಗುರುತಿನ ಚೀಟಿ ಕೇಳಿದರು. ನಮ್ಮ ಮನೆಗೆ ಬಂದಾಗ ಒಂದು ಸಂಗತಿಯನ್ನು ಕಂಡೆವು. ಹೊರಡುವಾಗ ಆತನು ಚಿಲಕ ಹಾಕದ ಬಾಗಿಲಿನ ಮುಂದೆ ಸುಮ್ಮನೆ ನಿಂತುಬಿಟ್ಟನು. ಬಾಗಿಲನ್ನು ತಾನೇ ತೆರೆಯಬಹುದೆಂಬುದು ಆತನ ಕೈಗೆ ಮರೆತುಹೋಗಿತ್ತು. ಮರದ ಅಡ್ಡೆಯ ಯಜಮಾನರೊಬ್ಬರು ಆತನನ್ನು ಕೂಲಿಗೆ ಸೇರಿಸಿಕೊಂಡರು, ಉಪದೇಶವನ್ನೇನೂ ಮಾಡಲಿಲ್ಲ. ಆರು ತಿಂಗಳಾದ ಮೇಲೆ ಒಂದು ಸಂಜೆ ಉಗ್ರಾಣದ ಬೀಗದಕೈಯನ್ನು ಕೊಟ್ಟು, ಬೆಳಗ್ಗೆ ನೀನೇ ತೆರೆ ಎಂದರಂತೆ. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಆತನು ನಮಗೆ ಹೇಳಿದನು.

ನಂಬಿಕೆಯನ್ನು ಸೆರೆವಾಸ ಮುಗಿದ ಮೇಲೆಯೇ ಏಕೆ, ಸೆರೆಯಲ್ಲಿರುವಾಗಲೇ ಕೊಟ್ಟು ನೋಡಬಾರದೇಕೆ? ಈ ಪ್ರಯೋಗವೂ ನಡೆದಿದೆ. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದ ಪೋಲೆಂಡ್ ದೇಶದ ಮಾರಿಸ್ ಫ್ರೀಡ್‌ಮನ್ ಎಂಬವರು ಆಮೇಲೆ ಕಾವಿಯುಟ್ಟು ಔಂಧ್ ಸಂಸ್ಥಾನಕ್ಕೆ ಹೋದರು. ಅವರ ಪ್ರೇರಣೆಯಿಂದ 1939ರಲ್ಲಿ ಅಲ್ಲಿ ಸ್ವತಂತ್ರಪುರವೆಂಬ, ಗೋಡೆಗಳಿಲ್ಲದ ಬಂದಿಗಳ ವಸತಿಯೊಂದು ಏರ್ಪಟ್ಟಿತು. ಶಾಂತಾರಾಮರ 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಆಧಾರ ಈ ವಸತಿಯೇ. ಜಯಪುರದ ಹತ್ತಿರ ಸಾಂಗಾನೇರಿನಲ್ಲಿ 1963ರಲ್ಲಿ ಆರಂಭವಾದ ಶಿಬಿರವಂತೂ ಇನ್ನೂ ಮುಂದೆ ಹೋಗಿದೆ. ಅಲ್ಲಿ ಖೈದಿಗಳು ಹೆಂಡತಿ ಮಕ್ಕಳೊಡನೆ ಇರುತ್ತಾರೆ; ಹಗಲು ಹೊರಗೆ ದುಡಿದು ಸಂಸಾರದ ಖರ್ಚನ್ನು ತಾವೇ ಹೊರುತ್ತಾರೆ; ಹಾಜರಿಯ ಹೊತ್ತಿಗೆ ಮರಳುತ್ತಾರೆ. ಹೀಗಿದ್ದವನಿಗೆ ಬಿಡುಗಡೆಯ ದಿನವು ಮತ್ತೊಂದು ದಿನವಷ್ಟೆ. ನಮ್ಮ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿಯೂ ಬಯಲು ಬಂದೀಖಾನೆಯೊಂದುಂಟು. ಬೆಂಗಳೂರಿನ ಅದೇ ಹೆಸರಿನ ಬಡಾವಣೆಯನ್ನು ಬಲ್ಲವರೆಲ್ಲರೂ ಇದನ್ನು ಬಲ್ಲರೆಂದು ನಮಗೆ ತೋರದು.

ಮನೆಗಳಲ್ಲಿ ಅಂಜಿಕೆಯಿರುವುದು ಸಹಜ. ಅದನ್ನು ನಾವು ಹಳಿಯುವುದಿಲ್ಲ. ಗುರುತಿಲ್ಲದವನನ್ನು ಅಡಿಗೆಮನೆಗೆ ಕರೆದುಕೊಳ್ಳಿರೆಂದು ಯಾರೂ ಹೇಳುತ್ತಿಲ್ಲ. ಆದರೆ ತಮ್ಮವನೇ ಒಳಗಿರುವ ಮನೆಯವರು ಮಾಡಬಹುದಾದದ್ದು ಬಹಳವಿದೆ. ತಿಂಗಳಿಗೊಂದು ಕಾಗದವನ್ನಾದರೂ ಬರೆಯಬೇಕು. ಭೇಟಿಯ ದಿನ ತಪ್ಪಿಸಬಾರದು. ಶಾಲೆಯ ಪ್ರಮಾಣಪತ್ರ, ಪಹಣಿ, ಬ್ಯಾಂಕಿನ ಪುಸ್ತಕಗಳನ್ನು ಜೋಪಾನವಾಗಿಡಬೇಕು. ಬಂದ ಮೊದಲ ತಿಂಗಳು ಕಚೇರಿಗಳಿಗೆ ಆತನನ್ನು ಒಂಟಿಯಾಗಿ ಕಳುಹಿಸದೆ ಯಾರಾದರೂ ಜೊತೆಗೆ ಹೋಗಬೇಕು. ನೆರೆಯವರು ಮಾಡತಕ್ಕದ್ದು ಇನ್ನೂ ಸುಲಭ: ಆ ಮನೆಯ ಮಕ್ಕಳೊಡನೆ ತಮ್ಮ ಮಕ್ಕಳನ್ನು ಆಡಲು ಬಿಟ್ಟರೆ ಸಾಕು. ತರಗತಿಯಲ್ಲಿ ಹಿಂದಿನ ಹಲಗೆಯ ಮೇಲೆ ಒಬ್ಬನೇ ಕುಳಿತ ಅಂಥ ಹುಡುಗರನ್ನು ನಾವು ಬಹಳ ನೋಡಿದ್ದೇವೆ.

ಹೆಂಗಸರ ಪಾಡು ಇದಕ್ಕಿಂತ ಕಠಿನ. ಗಂಡನು ಸೆರೆಯಲ್ಲಿದ್ದರೆ ಹೆಂಡತಿ ಕೂಲಿ ಬಿಟ್ಟು, ಬಸ್ಸು ಹಿಡಿದು, ಸಾಲಿನಲ್ಲಿ ನಿಂತು ನೋಡಿಬರುತ್ತಾಳೆ. ಹೆಂಡತಿ ಸೆರೆಯಲ್ಲಿದ್ದರೆ ಅಷ್ಟು ದೂರ ಹೋಗಿಬರುವ ಗಂಡಂದಿರನ್ನು ನಾವು ಕಂಡದ್ದು ಕಡಮೆ. ಬಿಡುಗಡೆಯಾದ ಮೇಲೆ ತವರೂ ಇಲ್ಲದ, ಗಂಡನ ಮನೆಯೂ ಇಲ್ಲದ ಹೆಣ್ಣುಮಕ್ಕಳು ಹೋಗತಕ್ಕ ತಾಣಗಳು ಸ್ವಾಧಾರ ಗೃಹವೆಂಬ ಹೆಸರಿನಿಂದ ಇದ್ದವು. ಈಗ ಅವುಗಳನ್ನು ಶಕ್ತಿಸದನವೆನ್ನುತ್ತಾರೆ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿದರೆ ವಿವರ ಹೇಳುತ್ತಾರೆ. ನಮ್ಮ ಗೃಹಿಣಿಯರು ಇದನ್ನು ಗುರುತು ಹಾಕಿಟ್ಟುಕೊಂಡು, ಬೇಕಾದವಳೊಬ್ಬಳು ಕಂಡಾಗ ಅಲ್ಲಿಯವರೆಗೆ ಜೊತೆಗೆ ಹೋಗಿ ಬರಬಹುದು.