ನಿಮಗಿದು ಗೊತ್ತೆ? ಹುತ್ತದೊಳಗಿನ ತೇವದ ತೋಟ

ಏಪ್ರಿಲ್‌ನಲ್ಲಿ ಭಟ್ಕಳ, ಹೊನ್ನಾವರ, ಕುಮಟಾದ ಚಿರೆಕಲ್ಲು ಗುಡ್ಡಗಳ ಮೇಲೆ ಹುಲ್ಲೂ ಒಣಗಿ ಗರಿಗರಿಯಾಗಿರುತ್ತದೆ. ಆದರೆ ಅಲ್ಲಿನ ಒರಲೆ ಹುತ್ತದ ಒಳಗೆ ಬೇಸಿಗೆಯಿಡೀ ತೇವ ಆರುವುದಿಲ್ಲ. ಕಾರಣ, ಅಲ್ಲೊಂದು ಅಣಬೆ ತೋಟವಿದೆ!

ಒರಲೆ, ಅಂದರೆ ಗೆದ್ದಲು, ತಿಂದ ಕಟ್ಟಿಗೆ, ತರಗೆಲೆಯನ್ನು ಹಿಕ್ಕೆಯಾಗಿಸಿ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರಲ್ಲಿ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಬರಿಗಣ್ಣಿಗೆ ಅದು ಬಿಳಿ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಅದೇ ಒರಲೆಗಳ ಊಟ. ತೋಟ ಒಣಗದಿರಲೆಂದು ಆಳದ ಹಸಿ ಮಣ್ಣಿನಿಂದ ಅವು ನೀರು ಹೊತ್ತು ತರುತ್ತವೆ. ಶಿಲೀಂಧ್ರದ ಉಸಿರಾಟದಿಂದಲೂ ಒಂದಿಷ್ಟು ನೀರಾವಿ ಹುಟ್ಟುತ್ತದೆ. ಸುಮಾರು 3 ಕೋಟಿ ವರ್ಷಗಳ ಬೇಸಾಯವಿದು, ಮನುಷ್ಯನ ಕೃಷಿಗಿಂತ ಎಷ್ಟೋ ಹಳೆಯದು.

ಮಳೆ ಹಿಡಿದ ಮೇಲೆ ಇದೇ ತೋಟದಿಂದ ಅಣಬೆ ಕೊಡೆ ಬಿಚ್ಚುತ್ತದೆ. ಮೆಲ್ಲಗೆ ಎಳೆದು ನೋಡಿ: ಬೇರಿನಂಥ ಉದ್ದನೆಯ ಕಾಲು ನೆಲದಾಳದ ಗೂಡಿನವರೆಗೂ ಇಳಿದಿರುತ್ತದೆ. ಆಫ್ರಿಕಾದ ಇದರ ಬಂಧುವಿನ ಕೊಡೆ 1 ಮೀಟರ್‌ವರೆಗೂ ಅಗಲವಾಗುತ್ತದೆ.

ಬೇರೆ ಅಣಬೆಗಳಂತೆ ಇದನ್ನು ಹುಲ್ಲಿನ ಚೀಲದಲ್ಲಿ ಬೆಳೆಸಲಾಗದು. ಆದ್ದರಿಂದ ಅಣಬೆಗಾಗಿ ಹುತ್ತಕ್ಕೆ ಪಿಕಾಸಿ ಹಾಕಬೇಡಿ. ಗೂಡು ಉಳಿದರೆ ಮುಂದಿನ ಮಳೆಗಾಲಕ್ಕೂ ಅಲ್ಲೇ ಅಣಬೆ ಏಳಬಹುದು.