ಬಸ್ಸು, ಮೆಟ್ರೊ, ದೋಣಿ ಒಂದೇ ಅಂಗಳದಲ್ಲಿ: ಕಾಸರಗೋಡಿಗೆ ವೈಟ್ಟಿಲದ ಪಾಠ

ಕಾಸರಗೋಡು: 2023ರ ಏಪ್ರಿಲ್ 25ರಂದು ತಿರುವನಂತಪುರದಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದ ಯೋಜನೆಗಳಲ್ಲಿ ಎರಡು ಇಲ್ಲಿ ನೆನಪಿಡಬೇಕಾದವು. ಒಂದು, ಕಾಸರಗೋಡಿಗೆ ಬಂದ ಮೊದಲ ವಂದೇ ಭಾರತ್ ರೈಲು. ಇನ್ನೊಂದು, ಕೊಚ್ಚಿಯ ವಾಟರ್ ಮೆಟ್ರೊ. ರೈಲಿನ ಸುದ್ದಿ ಇಲ್ಲಿ ಮನೆಮಾತಾಯಿತು. ದೋಣಿಯ ಸುದ್ದಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಕೆಲಸಕ್ಕೋ ಚಿಕಿತ್ಸೆಗೋ ಎರ್ನಾಕುಳಂಗೆ ಹೋಗುವ ಗಡಿನಾಡಿನವರಿಗೆ ಸಂಬಂಧ ಖಂಡಿತ ಉಂಟು.

ಕೋಟ್ಟಯಂ ಮಾರ್ಗದ ಆ ರೈಲಿನಲ್ಲಿ ಹೋಗಿ ಎರ್ನಾಕುಳಂ ಟೌನ್, ಅಂದರೆ ನಾರ್ತ್ ನಿಲ್ದಾಣದಲ್ಲಿ ಇಳಿದರೆ ಟೌನ್‌ಹಾಲ್ ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಗಾಡಿ ಬದಲಿಸುವ ರಗಳೆಯಿಲ್ಲದೆ ವೈಟ್ಟಿಲ. ಮೆಟ್ರೊ ಇಳಿದರೆ ಹತ್ತಿರದಲ್ಲೇ ಬಸ್ ನಿಲ್ದಾಣ, ಅದರ ಮಗ್ಗುಲಲ್ಲೇ ದೋಣಿಕಟ್ಟೆ. ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ಕಾಕ್ಕನಾಡು. ಇಂಥ ಜಾಗಕ್ಕೇ ಈಗ 'ಮೊಬಿಲಿಟಿ ಹಬ್' ಎಂಬ ಹೆಸರು.

ವೈಟ್ಟಿಲದ ಹಬ್ ಒಂದೇ ದಿನದಲ್ಲಿ ಎದ್ದು ನಿಂತದ್ದಲ್ಲ. 2011ರ ಫೆಬ್ರವರಿ 26ರಂದು ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಉದ್ಘಾಟಿಸಿದಾಗ ಅದು ಬರೀ ಬಸ್ಸಿನ ತಾಣ. ಮೆಟ್ರೊ ಬಂದದ್ದು 2019ರ ಸೆಪ್ಟೆಂಬರಿನಲ್ಲಿ, ಹೊಸ ದೋಣಿ 2023ರಲ್ಲಿ. ಮೂರೂ ಒಂದೆಡೆ ಸೇರಲಿಕ್ಕೆ 12 ವರ್ಷ ಹಿಡಿಯಿತು. ಆದರೆ ಜಾಗವನ್ನು ಮೊದಲೇ ಹಿಡಿದಿಟ್ಟದ್ದರಿಂದ ಆಮೇಲೆ ಬಂದದ್ದಕ್ಕೆ ಅಲೆಯಬೇಕಾಗಲಿಲ್ಲ.

ದೋಣಿಗಳು ಕೊಚ್ಚಿನ್ ಶಿಪ್‌ಯಾರ್ಡ್‌ನಲ್ಲಿ ತಯಾರಾದವು. ದೊಡ್ಡದರಲ್ಲಿ 100 ಜನ ಹಿಡಿಸುತ್ತಾರೆ. ಓಡುವುದು ಬ್ಯಾಟರಿಯಲ್ಲಿ; ಕಟ್ಟೆಯಲ್ಲಿ ನಿಂತಾಗ ಹತ್ತು ಹದಿನೈದು ನಿಮಿಷದಲ್ಲಿ ಚಾರ್ಜ್ ಆಗುತ್ತದೆ. ಕಟ್ಟೆಯೂ ತೇಲುವಂಥದ್ದು. ಹಿನ್ನೀರು ಏರಿದರೆ ಕಟ್ಟೆಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಾಗಾಗಿ ಮೊಣಕಾಲು ನೋವಿನ ಅಜ್ಜಿಗೂ ಗಾಲಿಕುರ್ಚಿಯವರಿಗೂ ದೋಣಿ ಹತ್ತುವುದು ಕಷ್ಟವಲ್ಲ. ಪರಿಸರದ ಮಾತು ಆಡುವವರು ಇದನ್ನು ಮರೆಯಬಾರದು: ಹತ್ತಿ ಇಳಿಯುವುದು ಸುಲಭವಾದರೆ ಮಾತ್ರ ಜನ ಕಾರು, ಬೈಕು ಬಿಟ್ಟು ಬರುತ್ತಾರೆ.

ಹಾಗೆಂದು ಅಲ್ಲಿ ಎಲ್ಲವೂ ಸರಿ ಎಂದಲ್ಲ. ಕಾಕ್ಕನಾಡಿನ ದೋಣಿಕಟ್ಟೆಯಿಂದ ಇನ್ಫೋಪಾರ್ಕ್ ನಡೆದು ಹೋಗುವಷ್ಟು ಹತ್ತಿರವಿಲ್ಲ. ಆ ಕೊನೆಯ ತುಂಡಿಗೆ ವಿದ್ಯುತ್ ಬಸ್ ಬಿಟ್ಟದ್ದು 2025ರಲ್ಲಿ. ಕೆಎಸ್ಆರ್‌ಟಿಸಿಯ ಹಳೆಯ ನಿಲ್ದಾಣ ಇರುವುದು ಹಬ್‌ನಿಂದ ದೂರ, ಕಾರಿಕ್ಕಾಮುರಿಯಲ್ಲಿ. ಹೆಸರು ಹಬ್ ಆದರೂ ಊರಿನ ಬಸ್ಸೆಲ್ಲ ಅಲ್ಲಿಗೆ ಬಂದಿಲ್ಲ.

ಇನ್ನು ನಮ್ಮ ಪೇಟೆ. ರೈಲು ನಿಲ್ದಾಣ ಒಂದು ಕಡೆ, ಹಳೆ ಬಸ್ ಸ್ಟ್ಯಾಂಡ್ ಮತ್ತೊಂದು ಕಡೆ, ಹೊಸ ಬಸ್ ಸ್ಟ್ಯಾಂಡ್ ಹೆದ್ದಾರಿಯ ಬದಿಯಲ್ಲಿ. ಎರ್ನಾಕುಳಂನಿಂದ ರಾತ್ರಿ ಬಂದಿಳಿದ ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ನೂರಾರು ಕಿಲೋಮೀಟರ್ ದಾಟಿದ್ದು ಸುಲಭ, ಮನೆಗೆ ಮುಟ್ಟುವ ಕೊನೆಯ ದಾರಿಯೇ ಕಷ್ಟ. ಬಸ್ಸು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ರಿಕ್ಷಾದವರು ಹೇಳಿದ್ದೇ ಬಾಡಿಗೆ. ಆಸ್ಪತ್ರೆಯಿಂದ ರೋಗಿಯನ್ನು ಕರೆತರುವವರ ಪಾಡು ಹೇಳುವುದೇ ಬೇಡ. ಮಗ ಸ್ಟೇಷನ್ನಿಗೆ ಬೈಕು ತರುತ್ತಾನೆ ಎಂಬ ಧೈರ್ಯ ಎಲ್ಲ ಮನೆಯವರಿಗೂ ಇಲ್ಲ.

ಕಾಸರಗೋಡಿಗೆ ಮೆಟ್ರೊವೂ ಬೇಡ, ದೋಣಿಯೂ ಬೇಡ. ರೈಲಿನ ಸಮಯಕ್ಕೆ ಹೊಂದಿಕೊಂಡು ನಿಲ್ದಾಣದಿಂದ ಎರಡೂ ಸ್ಟ್ಯಾಂಡುಗಳಿಗೆ ಸುತ್ತು ಹೊಡೆಯುವ ನಾಲ್ಕು ಮಿನಿ ಬಸ್ಸು, ಮಳೆಗೆ ನೆನೆಯದ ಒಂದು ತಂಗುದಾಣ, ಪ್ರೀಪೇಯ್ಡ್ ರಿಕ್ಷಾ ಕೌಂಟರ್. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಲಿ. ಭಾಷಾ ಅಲ್ಪಸಂಖ್ಯಾತರ ನಾಡಿನಲ್ಲಿ ಇದು ದಾನವಾಗಿ ಬೇಡುವ ವಿಷಯವಲ್ಲ. ಇಷ್ಟಕ್ಕೆ ಹೊಸದಾಗಿ ದೊಡ್ಡ ಜಾಗ ಸ್ವಾಧೀನ ಮಾಡಬೇಕಾಗಿಯೂ ಇಲ್ಲ. ರೈಲ್ವೆ, ನಗರಸಭೆ, ಬಸ್ಸಿನವರು ಒಂದೇ ಮೇಜಿನ ಸುತ್ತ ಕುಳಿತರೆ ಮೊದಲ ಮಿನಿ ಬಸ್ಸು ಬರುವ ಮಳೆಗಾಲಕ್ಕೆ ಮುಂಚೆಯೇ ಓಡಬಹುದು.